ಒಪ್ಪಿಗೆ ಪತ್ರದ ಖಾಲಿ ಗೆರೆ

ಎರಡು ಲಕ್ಷದ ಹತ್ತು ಸಾವಿರ ರೂಪಾಯಿ. ಇಪ್ಪತ್ತೆರಡು ವರ್ಷದ ಬ್ರೋಕರ್ ಕೆಲಸದಲ್ಲಿ ಒಂದೇ ಕೇಸಿನಲ್ಲಿ ನಾನು ಕೈಯಾರೆ ಬಿಟ್ಟ ಅತಿ ದೊಡ್ಡ ಮೊತ್ತ ಇದು. ಅದರ ಜೊತೆಗೆ ನಾಲ್ಕು ತಿಂಗಳು ಪುಕ್ಕಟೆ ಓಡಾಡಿದೆ, ಹನ್ನೊಂದು ವರ್ಷ ಜೊತೆಗಿದ್ದ ಪಾರ್ಟ್ನರನ್ನೂ ಕಳೆದುಕೊಂಡೆ. ಕಾರಣ ಇಷ್ಟೇ: ಒಂದು ಕಾಗದದಲ್ಲಿ ಒಂದು ಗೆರೆಯನ್ನು ನಾನು ಖಾಲಿ ಬಿಟ್ಟಿದ್ದೆ. ನಮ್ಮ ಲೈನಿನವರು ಇವತ್ತಿಗೂ ನನ್ನನ್ನು ದಡ್ಡ ಅನ್ನುತ್ತಾರೆ. ಅನ್ನಲಿ. ಅದೇ ಪರಿಸ್ಥಿತಿ ನಾಳೆ ಬಂದರೂ ನಾನು ಆ ದುಡ್ಡು ಬಿಡುವುದೇ ಸೈ.

2025ರ ಮಾರ್ಚ್ ತಿಂಗಳು. ವಿಜಯನಗರದಲ್ಲಿ ಎಂಟಡಿ ಅಗಲದ ನನ್ನ ಆಫೀಸು. ಅಂಗಡಿ, ಗೋಡೌನು, ಆಫೀಸಿನ ಮಹಡಿ ಬಾಡಿಗೆಗೆ ಕೊಡಿಸುವುದು ನನ್ನ ಕಸುಬು. ನಾನು ಓದಿದ್ದು ಹತ್ತನೇ ಕ್ಲಾಸು. ರಾಜಾಜಿನಗರದಲ್ಲಿ ಟು-ಲೆಟ್ ಬೋರ್ಡು ಬರೆಯುತ್ತಿದ್ದವನು, 'ಬೋರ್ಡು ಬರೆದವನಿಗೆ ಇಪ್ಪತ್ತು ರೂಪಾಯಿ, ಬೋರ್ಡು ಇಳಿಸಿದವನಿಗೆ ಒಂದು ತಿಂಗಳ ಬಾಡಿಗೆ' ಎಂಬ ಸತ್ಯ ಅರ್ಥವಾದ ದಿನ ಬ್ರಷ್ಷು ಬಿಟ್ಟೆ. ಕಾನೂನು ನಾನು ಕಾಲೇಜಿನಲ್ಲಿ ಕಲಿತಿಲ್ಲ. ಪೆಟ್ಟು ತಿಂದು ಕಲಿತದ್ದು.

ಬಸವೇಶ್ವರನಗರದಲ್ಲಿ ಸರೋಜಮ್ಮ ಎಂಬ ನಿವೃತ್ತ ಗಣಿತದ ಟೀಚರ್ ಇದ್ದಾರೆ. ಕೆಳಗಿನ ಮನೆಯಲ್ಲಿ ತಂಗಿಯ ಜೊತೆ ವಾಸ. ನಿವೃತ್ತಿಯ ಹಣ ಸಾಲದೆ ಬ್ಯಾಂಕಿನಲ್ಲಿ ಸಾಲ ಮಾಡಿ ಮೇಲೆ ಸಾವಿರದ ಎಂಟುನೂರು ಚದರಡಿಯ ಒಂದು ಮಹಡಿ ಕಟ್ಟಿಸಿದ್ದರು. ಆ ಮಹಡಿಯ ಬಾಡಿಗೆಯಿಂದಲೇ ಆ ಮಹಡಿಯ ಕಂತು ಹೋಗಬೇಕು. ಹಳೆಯ ಬಾಡಿಗೆದಾರರು ಖಾಲಿ ಮಾಡಿ ಎರಡು ತಿಂಗಳಾಗಿತ್ತು. ಆ ರಸ್ತೆಯಲ್ಲಿ ಆಗಿನ ರೇಟು ಎಪ್ಪತ್ತೈದು ಸಾವಿರ. ನಾನು ಅಭ್ಯಾಸಬಲದಿಂದ ತೊಂಬತ್ತು ಹೇಳುತ್ತಿದ್ದೆ.

ಆಗ ಬಂದವನು ವಿಕ್ರಮ್. ನಂದಿನಿ ಲೇಔಟಿನ ಹುಡುಗ, ವಯಸ್ಸು ಮೂವತ್ತೆರಡಿರಬಹುದು, ನಗುಮುಖ, ಮಾತು ಬೆಣ್ಣೆ. ನಲವತ್ತು ಜನ ಕೂರುವ ಕಸ್ಟಮರ್ ಸಪೋರ್ಟ್ ಆಫೀಸು ಮಾಡಬೇಕು ಎಂದ. ಪಾರ್ಟಿ ಗಟ್ಟಿಯಾಗಿ ಕಂಡದ್ದರಿಂದ ನಾನು ನಾಚಿಕೆ ಬಿಟ್ಟು ಒಂದು ಲಕ್ಷದ ಐದು ಸಾವಿರ ಎಂದೆ.

"ಆಯ್ತು ಅಣ್ಣ, ಮುಗೀತು," ಎಂದುಬಿಟ್ಟ.

ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸ್ವಂತ ದುಡ್ಡು ಖರ್ಚು ಮಾಡುವವನು ಸಾವಿರ ರೂಪಾಯಿಗಾದರೂ ಜಗ್ಗಾಡುತ್ತಾನೆ. ಚೌಕಾಸಿ ಮಾಡದವನ ಹಿಂದೆ ಬೇರೆ ಯಾರದೋ ದುಡ್ಡು, ಬೇರೆ ಏನೋ ಅವಸರ ಇರುತ್ತದೆ. ಆದರೆ ನನ್ನ ತಲೆಯಲ್ಲಿ ಬ್ರೋಕರೇಜಿನ ಲೆಕ್ಕ ಓಡುತ್ತಿತ್ತು. ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆ, ಒಟ್ಟು ಎರಡು ಲಕ್ಷದ ಹತ್ತು ಸಾವಿರ. ಅವನು ಕೊಟ್ಟ ಐವತ್ತು ಸಾವಿರ ಟೋಕನ್ ಅಡ್ವಾನ್ಸ್ ತೆಗೆದುಕೊಂಡೆ.

ಇಲ್ಲಿ ನಮ್ಮ ಲೈನಿನ ಒಂದು ಪದ್ಧತಿ ಹೇಳಬೇಕು. ಬಾಡಿಗೆಗೆ ಬರುವ ಕಂಪನಿ ಆ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾದರೆ ಮಾಲೀಕರ ಕರೆಂಟ್ ಬಿಲ್ಲು ಮತ್ತು 'ನನ್ನ ಜಾಗದಲ್ಲಿ ವ್ಯವಹಾರ ನಡೆಸಲು ಅಭ್ಯಂತರವಿಲ್ಲ' ಎಂಬ ಒಪ್ಪಿಗೆ ಪತ್ರ ಬೇಕು. ಕೆಲಸ ಬೇಗ ಆಗಲೆಂದು ಬ್ರೋಕರುಗಳು ಅಗ್ರಿಮೆಂಟಿಗೆ ಮೊದಲೇ ಆ ಪತ್ರಕ್ಕೆ ಸಹಿ ಹಾಕಿಸಿ ಕೊಟ್ಟುಬಿಡುತ್ತೇವೆ. 'ವ್ಯವಹಾರದ ಸ್ವರೂಪ' ಎಂಬ ಗೆರೆಯನ್ನು ಖಾಲಿ ಬಿಡುತ್ತೇವೆ, ಅವರ ಆಡಿಟರ್ ಏನು ಬೇಕೋ ತುಂಬಿಕೊಳ್ಳಲಿ ಎಂದು. ನೂರಾರು ಪತ್ರ ಹಾಗೆ ಕೊಟ್ಟಿದ್ದೇನೆ. ಟೀಚರ್ ಸಹಿ ಹಾಕುವಾಗ ಕೇಳಿದ್ದರು, "ಇಲ್ಲೇನೂ ಬರೆದಿಲ್ವಲ್ಲ ನಾಗರಾಜು?"

"ಫಾರ್ಮಾಲಿಟಿ ಮೇಡಂ, ನಾನಿದೀನಲ್ಲ," ಎಂದೆ. ಪತ್ರ ವಿಕ್ರಮ್ ಕೈ ಸೇರಿತು.

ಮೂರನೇ ದಿನ ಅವನು ಮಹಡಿಯಲ್ಲಿ ಏನೇನು ಮಾಡಿಸಬೇಕೆಂದು ತೋರಿಸಲು ಕರೆದ. ಕಿಟಕಿಗೆಲ್ಲ ಕಪ್ಪು ಫಿಲ್ಮ್ ಬೇಕಂತೆ. ಮೂರು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಲೈನು. ನೇಮ್ ಬೋರ್ಡು ಬೇಡವಂತೆ. ಬೋರ್ಡು ಬರೆದೇ ಬದುಕು ಶುರು ಮಾಡಿದವನಿಗೆ ಬೋರ್ಡು ಬೇಡ ಎನ್ನುವ ವ್ಯಾಪಾರ ಯಾವುದು ಎಂದು ಅನುಮಾನ ಹುಟ್ಟಿತು. ಕೊನೆಗೆ ಅವನೇ ಬಾಯಿ ಬಿಟ್ಟ.

"ಅಣ್ಣ, ನಿಮ್ಮ ಬ್ರೋಕರೇಜು ಕ್ರಿಪ್ಟೊದಲ್ಲಿ ಕೊಡ್ಲಾ? ಡಾಲರ್ ಕಾಯಿನ್. ರೇಟು ಏರಲ್ಲ ಇಳಿಯಲ್ಲ, ಒಂದು ಕಾಯಿನ್ನಿಗೆ ಒಂದು ಡಾಲರ್."

"ನಿಮ್ಮ ಕಂಪನಿ ಏನು ಮಾಡುತ್ತೆ ವಿಕ್ರಮ್?"

"ಆನ್‌ಲೈನ್ ಕ್ಯಾಸಿನೊ ಅಣ್ಣ. ಜನ ಕಾಯಿನ್ ಹಾಕಿ ಆಡ್ತಾರೆ, ಗೆದ್ರೆ ಕಾಯಿನ್ನಲ್ಲೇ ತಗೋತಾರೆ. ಎಲ್ಲಾ ಲೀಗಲ್ಲು! ಕೆರಿಬಿಯನ್ ಸಮುದ್ರದಲ್ಲಿ ಒಂದು ದ್ವೀಪ ಇದೆ, ಅಲ್ಲಿನ ಲೈಸೆನ್ಸ್ ಇದೆ." ಫೋನಿನಲ್ಲಿ ಮುದ್ರೆ ಬಿದ್ದ ಸರ್ಟಿಫಿಕೇಟು ತೋರಿಸಿದ. "ಇಂಡಿಯಾದಲ್ಲೂ ಕ್ರಿಪ್ಟೊ ಮೇಲೆ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ತಗೋತಾರೆ. ಲೀಗಲ್ ಇಲ್ದೆ ಇದ್ರೆ ಟ್ಯಾಕ್ಸ್ ಯಾಕೆ ತಗೋತಾರೆ ಹೇಳಿ?"

ನಿಜ ಹೇಳುತ್ತೇನೆ, ಆ ಮಾತು ಎರಡು ದಿನ ನನಗೆ ಸರಿಯೆಂದೇ ಅನಿಸಿತು. ಎರಡು ಲಕ್ಷ ಕಣ್ಣ ಮುಂದಿದ್ದಾಗ ಯಾವ ವಾದವೂ ಸರಿಯೇ. ಆದರೂ ಮನಸ್ಸು ತಡೆಯದೆ ರಾಜಾಜಿನಗರದ ವಕೀಲೆ ಲೀಲಾವತಿಯವರ ಬಳಿ ಹೋದೆ. ಹತ್ತು ವರ್ಷದಿಂದ ನನ್ನ ಅಗ್ರಿಮೆಂಟುಗಳನ್ನು ನೋಡುವವರು ಅವರೇ.

ಅವರು ಮೊದಲು ಆ ತೆರಿಗೆಯ ಮಾತು ಒಡೆದರು. "ಕದ್ದ ದುಡ್ಡಿಗೂ ಇನ್ಕಮ್ ಟ್ಯಾಕ್ಸ್ ಬೀಳುತ್ತೆ ನಾಗರಾಜು. ಹಾಗಂತ ಕಳ್ಳತನ ಲೀಗಲ್ಲಾ? ತೆರಿಗೆ ಕಟ್ಟಿದ ಚಲನ್ ಲೈಸೆನ್ಸ್ ಆಗಲ್ಲ."

ಆಮೇಲೆ ದೇಶ ದೇಶದ ಕಥೆ ಬಿಡಿಸಿ ಹೇಳಿದರು. ಬ್ರಿಟನ್ನಿನಲ್ಲಿ ಆನ್‌ಲೈನ್ ಜೂಜಿಗೆ ಅವಕಾಶವಿದೆ, ಆದರೆ ಅಲ್ಲಿನ ಜನರಿಗೆ ಆಡಿಸಬೇಕಾದರೆ ಅಲ್ಲಿನದೇ ಲೈಸೆನ್ಸ್ ಬೇಕು, ಹಣ ಎಲ್ಲಿಂದ ಬಂತೆಂದು ವಿಚಾರಿಸಬೇಕು. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಜನರಿಗೆ ಆನ್‌ಲೈನ್ ಕ್ಯಾಸಿನೊ ಒದಗಿಸುವಂತೆಯೇ ಇಲ್ಲ. ಪಂದ್ಯಗಳ ಮೇಲಿನ ಆನ್‌ಲೈನ್ ಬೆಟ್ಟಿಂಗಿಗೂ 2024ರಿಂದ ಕ್ರಿಪ್ಟೊ ಬಳಸುವಂತಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಚೀನಾದಲ್ಲಿ ಆಟವೂ ನಿಷಿದ್ಧ, ಕಾಯಿನ್ ವಹಿವಾಟೂ ನಿಷಿದ್ಧ. ನಮ್ಮಲ್ಲಿ ಆಗಿನ್ನೂ ಇಡೀ ದೇಶಕ್ಕೆ ಒಂದೇ ಕಾನೂನು ಬಂದಿರಲಿಲ್ಲ. ಜೂಜು ರಾಜ್ಯಗಳ ವಿಷಯವಾಗಿತ್ತು. ಕೌಶಲದ ಆಟ ಜೂಜೋ ಅಲ್ಲವೋ ಎಂದು ಕೋರ್ಟುಗಳಲ್ಲಿ ವಾದ ನಡೆದಿತ್ತು. "ಆದ್ರೆ ತಿರುಗೋ ಚಕ್ರದ ಮೇಲೆ ದುಡ್ಡು ಕಟ್ಟೋದ್ರಲ್ಲಿ ಯಾವ ಕೌಶಲ? ನಮ್ಮ ರಾಜ್ಯದ ಪೊಲೀಸ್ ಕಾಯ್ದೆಯಲ್ಲಿ ಅದು ಅಪರಾಧ. ಗೊತ್ತಿದ್ದೂ ಜಾಗ ಕೊಟ್ಟವರೂ ಸಿಕ್ಕಿಕೊಳ್ತಾರೆ," ಎಂದರು.

ಆಮೇಲೆ ಆ ಕ್ಯಾಸಿನೊದ ವೆಬ್‌ಸೈಟು ತೆರೆದು ಕೆಳಗೆ ಸಣ್ಣಕ್ಷರದ ನಿಯಮಗಳಿಗೆ ಹೋದರು. ಯಾವ ಯಾವ ದೇಶದ ನಿವಾಸಿಗಳು ಆಡುವಂತಿಲ್ಲ ಎಂಬ ಉದ್ದನೆಯ ಪಟ್ಟಿ ಅಲ್ಲಿತ್ತು. ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಲೈಸೆನ್ಸ್ ಕೊಟ್ಟ ಆ ದ್ವೀಪವೇ ಪಟ್ಟಿಯಲ್ಲಿತ್ತು!

"ತಮ್ಮ ಮಕ್ಕಳಿಗೆ ಬಡಿಸದ ಅಡುಗೆನ ನಿಮ್ಮ ಟೀಚರ್ ಮನೇಲಿ ಬೇಯಿಸ್ತೀವಿ ಅಂತಿದಾರೆ," ಎಂದು ನಕ್ಕ ಮೇಡಂ ತಟ್ಟನೆ ನಗು ನಿಲ್ಲಿಸಿದರು. "ಒಪ್ಪಿಗೆ ಪತ್ರ ಕೊಟ್ಟಿಲ್ಲ ತಾನೆ?"

"ಕೊಟ್ಟಿದೀನಿ."

"ವ್ಯವಹಾರ ಏನು ಅಂತ ಬರೆದಿದೀರಿ?"

"ಏನೂ ಬರೆದಿಲ್ಲ ಮೇಡಂ," ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಪೊಲೀಸರು ಬಂದ್ರೆ ಆ ಹುಡುಗ ಫೋನ್ ಆಫ್ ಮಾಡ್ಕೋತಾನೆ. ಕಂಪನಿ ದ್ವೀಪದಲ್ಲಿರುತ್ತೆ. ಬೆಂಗಳೂರಲ್ಲಿ ಕೈಗೆ ಸಿಗೋದು ಒಂದೇ ಸಹಿ, ಆ ಟೀಚರದ್ದು."

ಅವತ್ತೇ ಟೀಚರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಮೂವತ್ತೊಂದು ವರ್ಷ, ಉತ್ತರದ ಜಾಗ ಖಾಲಿ ಬಿಟ್ಟ ಮಕ್ಕಳಿಗೆಲ್ಲ ಸೊನ್ನೆ ಹಾಕಿದೀನಿ. ನಿಮ್ಮ ಮಾತು ನಂಬಿ ನಾನೇ ಖಾಲಿ ಜಾಗಕ್ಕೆ ಸಹಿ ಹಾಕಿದೆ. ನನಗೆ ಆ ಕಾಗದ ವಾಪಸ್ ಬೇಕು," ಎಂದರು, ಅಷ್ಟೇ.

ಆಫೀಸಿಗೆ ಬಂದು ವಿಕ್ರಮ್‌ಗೆ ಫೋನು ಮಾಡಿದೆ. ಅವನ ಬೆಣ್ಣೆ ಮಾತು ಮಾಯವಾಯಿತು. "ಅಣ್ಣ, ನಿಮ್ಮ ಲೈನಿನ ರೂಲು ನಂಗೂ ಗೊತ್ತು. ಮಾಲೀಕರು ಹಿಂದೆ ಸರಿದ್ರೆ ಟೋಕನ್ ಡಬಲ್ ಮಾಡಿ ವಾಪಸ್ ಕೊಡ್ಬೇಕು. ಒಂದು ಲಕ್ಷ ಇಡಿ, ಆಮೇಲೆ ಲೆಟರ್ ಮಾತಾಡೋಣ."

ನನ್ನ ಪಾರ್ಟ್ನರ್ ಗೋವಿಂದರಾಜು ಅಲ್ಲೇ ಕೂತಿದ್ದ. "ಲೋ, ನಿಂಗೇನಾಗಿದೆ? ನಾವು ಬ್ರೋಕರುಗಳು ಕಣೋ, ಪೊಲೀಸರಲ್ಲ. ಒಳಗೆ ಯಾರು ಏನು ಮಾಡಿದ್ರೆ ನಮಗೇನು? ಎರಡು ಲಕ್ಷ ಬಿಟ್ಟು ಮೇಲೆ ಐವತ್ತು ಸಾವಿರ ದಂಡ ಕಟ್ಟೋಕೆ ಹೋಗ್ತಾನಂತೆ, ಹರಿಶ್ಚಂದ್ರನ ಮೊಮ್ಮಗ!"

"ಸಹಿ ನಿಮ್ಮಮ್ಮಂದಾಗಿದ್ರೆ?" ಎಂದು ಕೇಳಿದೆ. ಎದ್ದು ಹೋದ.

ಮಾರನೇ ದಿನ ಹನ್ನೊಂದು ಗಂಟೆಗೆ ಟೀಚರ ಮನೆಯ ಹಾಲಿನಲ್ಲಿ ಕೂತೆವು. ನಾನು ಟೀಪಾಯಿಯ ಮೇಲೆ ಒಂದು ಲಕ್ಷ ಇಟ್ಟೆ. ಅವನು ಕೊಟ್ಟ ಐವತ್ತು, ನನ್ನ ಜೇಬಿನ ಐವತ್ತು. ವಿಕ್ರಮ್ ಫೈಲಿನಿಂದ ಪತ್ರ ತೆಗೆದ. ಗೆರೆ ಇನ್ನೂ ಖಾಲಿಯಿತ್ತು.

"ಡಬಲ್ ಇದೆ, ಎಣಿಸ್ಕೊಳಿ," ಎಂದೆ. "ಆದ್ರೆ ಮಾಲೀಕರು ತಕರಾರಿಲ್ಲದ ವ್ಯಾಪಾರಕ್ಕೆ ಇಲ್ಲ ಅಂದ್ರೆ ತಾನೇ ಡಬಲ್ಲು? ನಿಮ್ಮ ವ್ಯಾಪಾರ ಏನು ಅಂತ ಮೊದಲು ಆ ಗೆರೇಲಿ ಬರೀರಿ, ಕೆಳಗೆ ಸಹಿ ಹಾಕಿ. ತಕ್ಷಣ ದುಡ್ಡು ನಿಮ್ಮದು."

ಅವನು ನಗುತ್ತಾ ಪೆನ್ನು ತೆಗೆದು 'ಐಟಿ' ಎಂದು ಬರೆಯಲು ಹೋದ.

"ಅದಲ್ಲ. ದ್ವೀಪದ ಲೈಸೆನ್ಸಲ್ಲಿ ಏನಿದೆಯೋ ಅದು. 'ಕ್ರಿಪ್ಟೊ ಹಣದ ಆನ್‌ಲೈನ್ ಕ್ಯಾಸಿನೊ'. ಎಲ್ಲಾ ಲೀಗಲ್ ಅಂದ್ರಲ್ಲ, ಇನ್ನೇನು?"

ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಟೀಚರ್ ಪರೀಕ್ಷೆಯ ಹಾಲಿನಲ್ಲಿ ನಿಂತಂತೆ ಅವನನ್ನೇ ನೋಡುತ್ತಿದ್ದರು.

"ಕಾಗುಣಿತ ಹೇಳಿಕೊಡ್ಲೇನಪ್ಪ?" ಎಂದರು.

ವಿಕ್ರಮ್ ಪೆನ್ನಿನ ಕ್ಯಾಪು ಹಾಕಿದ. "ನಮ್ಮ ಲೀಗಲ್ ಟೀಮನ್ನ ಕೇಳಬೇಕಾಗುತ್ತೆ," ಎಂದ.

"ಕೇಳಿ. ದ್ವೀಪಕ್ಕೆ ಫೋನ್ ಮಾಡಿ, ನಾವು ಕಾಯ್ತೀವಿ. ಹಾಗೇ ಅವರ ಜನ ಯಾಕೆ ಆಡೋ ಹಾಗಿಲ್ಲ ಅಂತಾನೂ ಕೇಳಿ."

ಅವನು ಫೋನು ಮಾಡಲಿಲ್ಲ. ನನ್ನನ್ನು ದುರುಗುಟ್ಟಿ ನೋಡಿ, "ನಿಮ್ಮಂಥೋರಿಂದಾನೇ ಈ ಏರಿಯಾ ಉದ್ಧಾರ ಆಗಲ್ಲ," ಎಂದು ಐವತ್ತು ಸಾವಿರ ಮಾತ್ರ ಎತ್ತಿಕೊಂಡು ಪತ್ರ ಟೀಪಾಯಿಯ ಮೇಲೆ ಎಸೆದು ಹೋದ. ನನ್ನ ಐವತ್ತು ಉಳಿಯಿತು. ಟೀಚರ್ ಪತ್ರವನ್ನು ನಾಲ್ಕು ಚೂರು ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಜೆರಾಕ್ಸ್ ಎಲ್ಲಾದರೂ ಉಳಿದಿರುತ್ತದೆ ಎಂದು ಲೀಲಾವತಿ ಮೇಡಂ, ಒಪ್ಪಿಗೆ ರದ್ದಾಗಿದೆ ಎಂಬ ಪತ್ರವನ್ನು ವಿಕ್ರಮ್‌ನ ಕಂಪನಿಗೂ ಜಿಎಸ್‌ಟಿ ಕಚೇರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು.

ಮಹಡಿ ಮತ್ತೆ ನಾಲ್ಕು ತಿಂಗಳು ಖಾಲಿ ಇತ್ತು. ಎರಡು ಕಂತು ನಾನು ಕಟ್ಟುತ್ತೇನೆ ಎಂದದ್ದಕ್ಕೆ ಟೀಚರ್, "ಸಾಲ ನಂದು. ನೀವು ಒಳ್ಳೇ ಬಾಡಿಗೆದಾರರನ್ನ ತನ್ನಿ," ಎಂದರು. ಕೊನೆಗೆ ಹಲ್ಲಿನ ಕ್ಲಿನಿಕ್ ನಡೆಸುವ ಒಬ್ಬ ಡಾಕ್ಟರಮ್ಮ ಸಿಕ್ಕರು. ನಾಲ್ಕು ಸುತ್ತು ಜಗ್ಗಾಡಿ ತೊಂಬತ್ತರಿಂದ ಎಪ್ಪತ್ತೆರಡಕ್ಕೆ ಇಳಿಸಿದರು. ಅವರು ಒಂದೊಂದು ಸಾವಿರಕ್ಕೆ ಜಗಳವಾಡಿದಾಗೆಲ್ಲ ನನಗೆ ಒಳಗೊಳಗೇ ಹಬ್ಬ. ಬ್ರೋಕರೇಜು ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಒಪ್ಪಿಗೆ ಪತ್ರದ ಗೆರೆಯಲ್ಲಿ 'ದಂತ ಚಿಕಿತ್ಸಾಲಯ' ಎಂದು ಟೀಚರೇ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು, ಆಮೇಲೆ ಸಹಿ ಹಾಕಿದರು.

ಅಷ್ಟರಲ್ಲಿ ನನ್ನನ್ನು ಬಿಟ್ಟು ಹೋಗಿದ್ದ ಗೋವಿಂದರಾಜು ವಿಕ್ರಮ್‌ನ ಪಾರ್ಟಿಯನ್ನು ಶ್ರೀಗಂಧದ ಕಾವಲು ಬಡಾವಣೆಯ ಒಂದು ಕಟ್ಟಡದಲ್ಲಿ ಕೂರಿಸಿ ಪೂರ್ತಿ ಬ್ರೋಕರೇಜು ಎಣಿಸಿಕೊಂಡ. ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಕೌಶಲ, ಅದೃಷ್ಟ ಎಂಬ ಭೇದವೇ ಇಲ್ಲ. ಅದೇ ವಾರ ಆ ಕಪ್ಪು ಕಿಟಕಿಯ ಆಫೀಸು ಬಾಡಿಗೆ ಬಾಕಿ ಇಟ್ಟು ಮಾಯವಾಯಿತು. ಆ ಕಟ್ಟಡದ ಮಾಲೀಕರು ಒಪ್ಪಿಗೆ ಪತ್ರದ ಜೆರಾಕ್ಸ್ ಹಿಡಿದು ನನ್ನ ಹತ್ತಿರ ಬಂದು, "ಇದೇನಿದು ಸಾರ್, ಈ ಗೆರೇಲಿ ಯಾರೋ ಏನೋ ತುಂಬಿದಾರೆ, ನಾನು ಖಾಲಿ ಬಿಟ್ಟಿದ್ದೆ," ಎಂದರು. ಅವರನ್ನು ಲೀಲಾವತಿ ಮೇಡಂ ಬಳಿ ಕಳಿಸಿದೆ. ಗೋವಿಂದರಾಜು ಇವತ್ತಿಗೂ ನನ್ನ ಫೋನು ಎತ್ತುವುದಿಲ್ಲ. ನಾನೂ ಮಾಡುವುದಿಲ್ಲ.

ಈಗ ನಿಮಗೆ ಹೇಳುತ್ತೇನೆ. ನಿಮ್ಮದೊಂದು ಅಂಗಡಿಯೋ ಮಹಡಿಯೋ ಇದ್ದರೆ, 'ಅಲ್ಲಿ ಲೀಗಲ್ಲು' ಎಂದವನನ್ನು 'ಇಲ್ಲಿ?' ಎಂದು ಕೇಳಿ. ಲೈಸೆನ್ಸ್ ಕೊಟ್ಟ ದೇಶ ತನ್ನ ಜನರಿಗೆ ಅದನ್ನು ಆಡಲು ಬಿಟ್ಟಿದೆಯೇ ನೋಡಿ. ಟ್ಯಾಕ್ಸ್ ಕಟ್ಟುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ. ಚೌಕಾಸಿ ಮಾಡದವನಿಗೆ ಹೆದರಿ. ಕಾನೂನು ತಿಳಿಯದಿದ್ದರೆ ವಕೀಲರಿಗೆ ಫೀಸು ಕೊಡಿ, ಅಲ್ಲಿ ಮಾತ್ರ ಜಗ್ಗಾಡಬೇಡಿ. ನನ್ನಂಥ ಬ್ರೋಕರು 'ಫಾರ್ಮಾಲಿಟಿ, ನಾನಿದೀನಲ್ಲ' ಎಂದರೆ ಪೆನ್ನು ಕೆಳಗಿಡಿ. ಎದುರಿಗಿರುವವನ ಕೈಗೆ ಆ ಪೆನ್ನು ಕೊಟ್ಟು, ಅವನ ವ್ಯಾಪಾರದ ಹೆಸರನ್ನು ಅವನ ಕೈಯಲ್ಲೇ ಬರೆಸಿ. ಬರೆದರೆ ಓದಿ ನೋಡಿ ಸಹಿ ಹಾಕಿ. ಪೆನ್ನು ನಿಂತರೆ ಟೋಕನ್ ಎತ್ತಿ ಅವನ ಮುಂದಿಟ್ಟು ಬಾಗಿಲು ತೋರಿಸಿ.