ಗಂಟು ದೊಡ್ಡಮ್ಮ ಓದಿದ ಹತ್ತು ಚೀಟಿ

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಸಾಲವು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು, ಓದುವವರು ಕ್ಷಮಿಸಬೇಕು. ಈ ಕೆಟ್ಟ ಅಕ್ಷರದಿಂದಲೇ ನಮ್ಮ ದೊಡ್ಡಮ್ಮ ಒಮ್ಮೆ ಪೇಚಿಗೆ ಸಿಕ್ಕಿಕೊಂಡಳು. ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಈಗ ಅವಳಿಗೆ ಅರವತ್ತೆರಡು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒದ್ದೆ ಹೊದಿಕೆಗಳನ್ನು ಯಂತ್ರದಿಂದ ಎಳೆದು ಗಾಡಿಗೆ ಹಾಕುತ್ತಿದ್ದಳು. ಓದು ಬಾರದ್ದರಿಂದ ಬಟ್ಟೆಯ ಮೂಲೆಗೆ ಬಣ್ಣದ ನೂಲಿನ ಗಂಟು ಹಾಕಿ ಗುರುತು ಇಟ್ಟುಕೊಳ್ಳುತ್ತಿದ್ದಳು. ಕೆಂಪು ಶಸ್ತ್ರಚಿಕಿತ್ಸೆಗೆ, ಹಸಿರು ಹೆರಿಗೆಗೆ, ಹಳದಿ ಮಕ್ಕಳಿಗೆ. ಕಡೆಗೆ ಓದು ಬಲ್ಲವರೂ ಆ ಗಂಟುಗಳನ್ನೇ ನಂಬಿದರು. ಅವಳಿಗೆ ಗಂಟು ದೊಡ್ಡಮ್ಮ ಎಂದು ಹೆಸರೇ ಬಿತ್ತು.

ಎರಡು ವರ್ಷದ ಹಿಂದೆ ಅವಳ ಸೊಂಟ ಹಿಡಿದುಕೊಂಡಿತು. ಎರಡು ತಿಂಗಳು ಮಲಗಿದ್ದಳು, ಎದ್ದ ಮೇಲೂ ಅರ್ಧ ಕೂಲಿಯಷ್ಟೇ ದುಡಿಯಲು ಆಗುತ್ತಿತ್ತು. ಮನೆ ನಡೆಯಬೇಕಲ್ಲ, ನಾನು ಶಾಲೆ ಬಿಟ್ಟು ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚಲು ಸೇರಿದೆ. ಅಲ್ಲಿನ ಗುಮಾಸ್ತರೂ ದೊಡ್ಡಮ್ಮನ ವಯಸ್ಸಿನವರೇ. ಇನ್ನೂ ಗಟ್ಟಿಯಾಗಿ ಕೂತು ಪುಸ್ತಕ ಬರೆಯುತ್ತಾರೆ.

"ಅವರಿಗೆ ಕನ್ನಡಕ ಬದಲಾಯಿಸಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ," ಎನ್ನುತ್ತಿದ್ದಳು ದೊಡ್ಡಮ್ಮ. "ನನ್ನ ಸೊಂಟಕ್ಕೆ ಯಾವ ಅಂಗಡೀಲಿ ಕನ್ನಡಕ ಸಿಗುತ್ತೆ, ಹೇಳು?"

ಈ ವರ್ಷ ಇನ್ನೆರಡು ಆಸ್ಪತ್ರೆಗಳ ಬಟ್ಟೆ ಬರತೊಡಗಿತು. ಬಣ್ಣಗಳು ಸಾಲದೆ, ಮೂಲೆಗಳಿಗೆ ವಿಭಾಗದ ಹೆಸರು ಅಚ್ಚಾದ ಚೀಟಿ ಹೊಲಿಸಿದರು. ಹೊಸ ಕೆಲಸಗಾರರು ಹುಡುಕಿದರೂ ಸಿಗುತ್ತಿರಲಿಲ್ಲ. ನಮ್ಮ ಬೀದಿಯಲ್ಲೂ ಈಗ ಮಕ್ಕಳಿಗಿಂತ ಊರುಗೋಲೇ ಹೆಚ್ಚು. ಅದಕ್ಕೆ ಮೇಲ್ವಿಚಾರಕಿ ವಯಸ್ಸಾದವರನ್ನು ಒಣಬಟ್ಟೆ ವಿಂಗಡಿಸುವ ಮೇಜಿಗೆ ಹಾಕುತ್ತೇನೆ ಎಂದರು. ಭಾರ ಎತ್ತುವುದಿಲ್ಲ, ಕೂತೇ ಮಾಡಬಹುದು. ಆದರೆ ಒಂದು ತಿಂಗಳಲ್ಲಿ ಚೀಟಿ ಓದಲು ಬರಬೇಕು. ದೊಡ್ಡಮ್ಮ ಇನ್ನು ಒದ್ದೆ ಬಟ್ಟೆ ಎತ್ತಕೂಡದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಮೇಜು ಸಿಗದಿದ್ದರೆ ಅವಳಿಗೆ ಮನೆಯೇ ಗತಿ.

ನಮ್ಮ ಲಾಂಡ್ರಿಯ ಇಸ್ತ್ರಿಯವನು ಸುಮ್ಮನಿರುವ ಆಸಾಮಿಯಲ್ಲ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಈಗ ಅ ಆ ಇ ಈನಾ, ದೊಡ್ಡಮ್ಮ?"

"ಕಾಡು ಕರೆದ್ರೆ ಅದರ ಬೋರ್ಡ್ ಓದ್ಕೊಂಡೇ ಒಳಗೆ ಹೋಗ್ತೀನಿ. ನೀನು ಅಂಗಿ ಸುಡದ ಹಾಗೆ ನೋಡ್ಕೋ ಹೋಗೋ!"

ಕಲಿಸುವುದು ನನ್ನ ಪಾಲಿಗೆ ಬಂತು. ನಮ್ಮ ಕೋಣೆ ಇಕ್ಕಟ್ಟು. ಪುಟ್ಟ ಮೇಜಿಗೆ ಎದುರುಬದುರು ಕೂತರೆ ಮಾತ್ರ ಇಬ್ಬರಿಗೆ ಜಾಗ. ಹಾಳೆ ಓರೆಯಾದರೆ ನನ್ನ ಅಕ್ಷರ ಏಡಿ ನಡೆದ ಹಾಗಾಗುತ್ತದೆ. ಅದಕ್ಕೆ ಹಾಳೆಯನ್ನು ನನ್ನ ಕಡೆಗೇ ನೆಟ್ಟಗೆ ಇಟ್ಟುಕೊಂಡು ಎಚ್ಚರಿಕೆಯಿಂದ ಬರೆಯುತ್ತಿದ್ದೆ. ಅವಳು ಆಚೆಯಿಂದ ನೋಡಿ ಓದುತ್ತಿದ್ದಳು. ನಾಲ್ಕನೇ ವಾರ ಎಲ್ಲ ಹೆಸರೂ ಸರಾಗ. ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಪರೀಕ್ಷೆಯ ದಿನ ಮೇಲ್ವಿಚಾರಕಿ ಮೊದಲ ಚೀಟಿ ಹಿಡಿದರು. ದೊಡ್ಡಮ್ಮ ನೋಡಿದಳು. ಮತ್ತೆ ನೋಡಿದಳು. ಬಾಯಿ ತೆರೆಯಲಿಲ್ಲ. ಅಷ್ಟು ಜನರೆದುರು ನನಗೆ ಮಾತು ಹೊರಡುವುದಿಲ್ಲ.

"ಬರಲ್ಲ ಅಂತ ಬರ್ಕೊಳ್ಳಲಾ?" ಎಂದರು ಗುಮಾಸ್ತರು ಮೆಲ್ಲಗೆ.

ದೊಡ್ಡಮ್ಮ ಚೀಟಿಯನ್ನು ಇಸಿದುಕೊಂಡು ತಿರುಗಿಸಿದಳು. ಅವಳ ಮುಖ ಅರಳಿತು. "ಶಸ್ತ್ರಚಿಕಿತ್ಸೆ!"

"ಅಮ್ಮಾ, ತಲೆಕೆಳಗಾಗಿ ಹಿಡಿದಿದ್ದೀರಿ!" ಎಂದರು ಗುಮಾಸ್ತರು.

"ತಲೆಕೆಳಗು ಹಿಡಿದಿದ್ದು ಅವರು. ನಮ್ಮ ಹುಡುಗಿ ಹೀಗೇ ಕಲಿಸಿದ್ದು."

ಆಗಲೇ ನನಗೆ ತಿಳಿದದ್ದು, ನನ್ನೆದುರು ಕೂತು ಅವಳು ಎಲ್ಲ ಅಕ್ಷರವನ್ನೂ ತಲೆಕೆಳಗಾಗಿಯೇ ಕಲಿತಿದ್ದಳು ಎಂದು. ನಾಚಿಕೆಯಿಂದ ಭೂಮಿಗಿಳಿದು ಹೋದೆ. "ತಪ್ಪು ನಂದು," ಎಂದೆ, ಅದೂ ಪಿಸುಮಾತಿನಲ್ಲಿ. ಇಸ್ತ್ರಿಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಉಳಿದ ಒಂಬತ್ತು ಚೀಟಿಗಳನ್ನೂ ದೊಡ್ಡಮ್ಮ ಒಂದೊಂದಾಗಿ ತಿರುಗಿಸಿ ಓದಿದಳು. ಒಂದೂ ತಪ್ಪಲಿಲ್ಲ.

ಮೇಲ್ವಿಚಾರಕಿ ವಿಂಗಡಿಸುವ ಮೇಜಿನ ಕಡೆ ತಿರುಗಿದರು. "ಆ ಮೇಜಿನಲ್ಲಿ ಹೇಗೂ ಇಬ್ಬರು ಎದುರುಬದುರು ಕೂರಬೇಕು. ಒಬ್ಬರಿಗೆ ನೆಟ್ಟಗಿದ್ದ ಚೀಟಿ ಇನ್ನೊಬ್ಬರಿಗೆ ತಲೆಕೆಳಗು. ಬಟ್ಟೆ ತಿರುಗಿಸೋ ಕೆಲಸವೇ ತಪ್ಪಿತು. ಬರ್ಕೊಳ್ಳಿ, ಬರುತ್ತೆ ಅಂತ."

ಈಗ ದೊಡ್ಡಮ್ಮ ಆ ಮೇಜಿನಲ್ಲಿದ್ದಾಳೆ. ಸೊಂಟಕ್ಕೆ ದಿಂಬು, ಕೈಯಲ್ಲಿ ಚೀಟಿ. ನೆಟ್ಟಗಿರುವ ಅಕ್ಷರ ಓದುವಾಗ ಇನ್ನೂ ತಡವರಿಸುತ್ತಾಳೆ. ನಿನ್ನೆ ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿದ್ದಳು.

"ನನ್ನ ಸೊಂಟ ಹೋಗಿ ನಿನ್ನ ಶಾಲೆ ಹೋಯ್ತು," ಎಂದಳು. "ನಿನ್ನ ಸೊಂಟಾನೂ ಹೋದ್ರೆ ಇನ್ಯಾವ ಮಗು ಶಾಲೆ ಬಿಡಬೇಕು? ಈಗ ನಾನು ದುಡೀತಿದ್ದೀನಲ್ಲ, ನೀನು ಓದ್ಕೊಳ್ಳೇ."

ನಾನು ತಲೆಯಾಡಿಸಿದೆ.

ಸೋಮವಾರ ಅರ್ಧ ದಿನ ರಜೆ ಕೇಳಿ, ಹತ್ತನೇ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕೂರುವ ಅರ್ಜಿ ತರುತ್ತೇನೆ. ಇವತ್ತು ಸಂಜೆ ಮೇಜನ್ನು ಗೋಡೆಯಿಂದ ಸರಿಸಿ, ನನ್ನ ಕುರ್ಚಿಯನ್ನು ದೊಡ್ಡಮ್ಮನ ಪಕ್ಕಕ್ಕೆ ಹಾಕಿಕೊಳ್ಳುತ್ತೇನೆ.