ಪೌಡರಮ್ಮನಿಗೆ ಸಿಟ್ಟು ಬರುವುದೇಕೆ

"ಮದುವೆಗೆ ಬಂದಿದ್ದೀರೋ, ಟೆಸ್ಟಿಗೆ ಬಂದಿದ್ದೀರೋ?"

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸ್ತನದ ಎಕ್ಸ್‌ರೇ ತೆಗೆಯುವ ಕೋಣೆಗೆ ಅಂಟಿಕೊಂಡ ಬಟ್ಟೆ ಬದಲಿಸುವ ಜಾಗದಲ್ಲಿ ದಿನದ ಮೊದಲ ಬೈಗುಳ ಶುರುವಾಗಿದೆ. ಬೈಸಿಕೊಳ್ಳುತ್ತಿರುವ ಹೆಂಗಸು ಆಸ್ಪತ್ರೆಯ ಗೌನನ್ನು ಎದೆಗೆ ಅವಚಿಕೊಂಡು ನಿಂತಿದ್ದಾರೆ. ಬೈಯುತ್ತಿರುವವರು ಇಲ್ಲಿನ ಆಯಾ. ಗಿಡ್ಡ ಆಳು, ಮಂಡಿನೋವಿನಿಂದ ಸ್ವಲ್ಪ ವಾಲಿಕೊಂಡೇ ನಡೆಯುತ್ತಾರೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದರಲ್ಲಿ ಮೆತ್ತನೆಯ ಬಟ್ಟೆ.

"ಕಂಕುಳ ತುಂಬಾ ಪೌಡರು! ಅರ್ಧ ಡಬ್ಬಿ ಸುರ್ಕೊಂಡ್ ಬಂದಿದ್ದೀರಲ್ಲಮ್ಮಾ!"

"ಬೆವರು ವಾಸ್ನೆ ಬರ್ಬಾರ್ದು ಅಂತ..."

"ಇಲ್ಲಿ ಯಾರು ನಿಮ್ಮನ್ನ ಮೂಸಿ ನೋಡ್ತಾರೆ? ಎತ್ತಿ ಕೈ."

ಆ ಹೆಂಗಸು ಕೈ ಎತ್ತುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಕಂಕುಳಿಗೆ ತಾಗಿದ್ದೇ ಕಿವಿಯವರೆಗೆ ಏರಿದ್ದ ಭುಜಗಳು ಇಳಿಯುತ್ತವೆ. ಬಾಯಿ ಬೈಯುತ್ತಲೇ ಇದೆ, ಕೈ ಮಾತ್ರ ಎಳೆಗೂಸಿನ ಮೈ ಒರೆಸುವಂತೆ ಒರೆಸುತ್ತಿದೆ. "ಬಿಸಿ ಜಾಸ್ತಿ ಆಯ್ತಾ? ಆದ್ರೆ ಹೇಳ್ಬೇಕಪ್ಪ, ಸುಮ್ನೆ ನಿಂತ್ಕೊಂಡ್ರೆ ನಂಗೇನ್ ಕನಸು ಬೀಳುತ್ತಾ?"

ಎಕ್ಸ್‌ರೇ ತೆಗೆಯುವ ಹುಡುಗಿ ಇವರಿಗಿಟ್ಟ ಹೆಸರು ಪೌಡರಮ್ಮ. ಈಗ ಡಾಕ್ಟರರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ದಿನಕ್ಕೆ ಮೂವತ್ತು ಮೂವತ್ತೈದು ಹೆಂಗಸರು ಬರುತ್ತಾರೆ, ಅವರಲ್ಲಿ ಅರ್ಧಕ್ಕರ್ಧ ಪೌಡರು ಮೆತ್ತಿಕೊಂಡೇ ಬರುತ್ತಾರೆ. ಪರಪುರುಷರಿದ್ದಾರೋ ಏನೋ, ಯಾರಾದರೂ ಮುಟ್ಟುತ್ತಾರೋ ಏನೋ ಎಂಬ ಸಂಕೋಚಕ್ಕೆ ಚೆನ್ನಾಗಿ ಸ್ನಾನ ಮಾಡಿ, ಘಮಘಮ ಎಂದು ಹಾಜರು. ಆ ಪೌಡರಿನ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಂತೆ ಕಾಣಬಹುದು. ಕಾಯಿಲೆಯ ಆರಂಭವೂ ಕೆಲವರಲ್ಲಿ ಹೀಗೇ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅನುಮಾನ ಬಂದರೆ ಒರೆಸಿ, ಮತ್ತೆ ಚಿತ್ರ ತೆಗೆಯಬೇಕು.

ಹಾಗಾದರೆ ಮೊದಲೇ ಹೇಳಬಾರದೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಬೋರ್ಡು ಇದೆಯಂತೆ! ಎಲ್ಲಿದೆ ಎಂದರೆ ಬಾಗಿಲ ಹಿಂದೆ. ಆ ಬಾಗಿಲು ಬೆಳಗಿನಿಂದ ಸಂಜೆವರೆಗೆ ಗೋಡೆಗೆ ಒರಗಿ ತೆರೆದೇ ಇರುತ್ತದೆ. ಅದನ್ನು ಓದಬೇಕಾದರೆ ಹಲ್ಲಿಯಾಗಿ ಹುಟ್ಟಿರಬೇಕು. ಮೊಬೈಲಿಗೆ ಬರುವ ಸಂದೇಶದಲ್ಲಿ ಹಳೇ ರಿಪೋರ್ಟು ತನ್ನಿ, ಗುರುತಿನ ಚೀಟಿ ತನ್ನಿ, ವಾಹನವನ್ನು ಗೇಟಿನ ಎದುರು ನಿಲ್ಲಿಸಬೇಡಿ ಎಂದೆಲ್ಲ ಇದೆ. ಪೌಡರಿನ ಸುದ್ದಿಯೇ ಇಲ್ಲ. ಆಡಳಿತದವರನ್ನು ವಿಚಾರಿಸಿದರೆ "ಪರಿಶೀಲನೆಯಲ್ಲಿದೆ" ಎಂದರು. ಒಂದು ಮೊಳೆ ಕಿತ್ತು ಇನ್ನೊಂದು ಕಡೆ ಹೊಡೆಯುವುದರಲ್ಲಿ ಪರಿಶೀಲಿಸುವಂಥದ್ದು ಏನಿದೆಯೋ ದೇವರೇ ಬಲ್ಲ.

ಬಿಸಿನೀರಿನ ಕತೆಯೂ ಅಷ್ಟೇ. ನಲ್ಲಿಯಲ್ಲಿ ಬರುವುದು ತಣ್ಣೀರು, ಕೋಣೆಯಲ್ಲಿ ಯಂತ್ರಕ್ಕಾಗಿ ಮೈ ಕೊರೆಯುವಷ್ಟು ಎಸಿ. "ಮೊದ್ಲೇ ಹೆದರ್ಕೊಂಡು ನಡುಗ್ತಿರ್ತಾರೆ, ಅವರಿಗೆ ಐಸ್‌ನೀರು ಹಚ್ಚೋಕಾಗುತ್ತಾ?" ಎಂದು ಪೌಡರಮ್ಮ ಮನೆಯಿಂದ ಕರೆಂಟಿನ ಕೆಟಲ್ ತಂದಿಟ್ಟರು. ನಿಯಮದಲ್ಲಿ ಇಲ್ಲ ಎಂದು ಎಲೆಕ್ಟ್ರಿಷಿಯನ್ ಎತ್ತಿಕೊಂಡು ಹೋದ. ಇನ್ನೊಂದು ತಂದರು, ಅದನ್ನೂ ಎತ್ತಿಕೊಂಡು ಹೋದ. ಈಗ ನಸುಕಿನಲ್ಲೇ ಬಂದು ಕ್ಯಾಂಟೀನಿನವನನ್ನು ಕಾಡಿಬೇಡಿ ಎರಡು ಫ್ಲಾಸ್ಕು ತುಂಬಿಸಿಕೊಳ್ಳುತ್ತಾರೆ. ಮುಗಿದಾಗಲೆಲ್ಲ ಆ ಮಂಡಿ ಹೊತ್ತುಕೊಂಡು ಮತ್ತೆ ಮೆಟ್ಟಿಲು ಹತ್ತುತ್ತಾರೆ.

"ಕೂತ್ಕೊಂಡು ಮಾತಾಡೋಣ" ಎಂದೆ.

"ಕೂತ್ರೆ ಎದ್ದೇಳೋದು ಯಾರು? ನಿಂತೇ ಕೇಳಿ, ಏನ್ ಕೇಳ್ತೀರೋ."

ಕೇಳಿ ತಿಳಿದದ್ದು ಇಷ್ಟು. ಮೊದಲು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಸೋಪಿನ ನೀರಿಗೆ ಅಂಗೈ ಬಿರಿದು ಹೋಯಿತು. ಗುತ್ತಿಗೆ ಕೆಲಸ, ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸದಾಗಿ ಸೇರಿದಂತೆಯೇ ಲೆಕ್ಕ. ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವರು, ಬೆನ್ನು ಹಿಡಿದುಕೊಂಡ ಮೇಲೆ ಮನೆಯಲ್ಲೇ ಅಡುಗೆ ನೋಡಿಕೊಳ್ಳುತ್ತಾರೆ. "ಉಪ್ಪು ಜಾಸ್ತಿ ಹಾಕ್ತಾರೆ. ಹೇಳಿದ್ರೆ ಮುಖ ಊದಿಸ್ಕೋತಾರೆ. ತಿಂದು ಬರ್ತೀನಿ." ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಇದನ್ನು ಹೇಳುವಾಗ ಮಾತ್ರ ಒರೆಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು.

ಪತ್ರಿಕೆಗೆ ಬರೆಯಲೆಂದು ಇವರನ್ನು ನಾನು ಹುಡುಕಿಕೊಂಡು ಬಂದದ್ದು ನನ್ನ ಅಕ್ಕನಿಂದಾಗಿ.

ಅಕ್ಕ ದರ್ಜಿ. ಹೆಂಗಸರ ಮೈಯಳತೆ ತೆಗೆಯುವುದೇ ಅವಳ ಕಸುಬು. ಯಾರಾದರೂ ನಾಚಿಕೊಂಡು ಮುದುಡಿದರೆ "ನೆಟ್ಟಗೆ ನಿಂತ್ಕೊಳೇ, ನಿನಗೊಬ್ಬಳಿಗೇನಾ ಇರೋದು?" ಎಂದು ಗದರುವವಳು. ಅಂಥವಳು ತಂಗಿಯಾದ ನನ್ನನ್ನು ಜೊತೆಗೆ ಕರೆದುಕೊಂಡು ಪರೀಕ್ಷೆಗೆ ಹೊರಟ ದಿನ ಮೈಗೆಲ್ಲ ಪೌಡರು ಬಳಿದುಕೊಂಡಳು. ಅಷ್ಟೂ ಸಾಲದೆಂಬಂತೆ ಪೌಡರಮ್ಮ ಕೇಳಿದಾಗ "ಏನೂ ಹಾಕಿಲ್ಲಮ್ಮ" ಎಂದು ಸುಳ್ಳು ಹೇಳಿದಳು. ಗೌನಿನ ಮೇಲೆ ಶಾಲು ಬೇರೆ ಹೊದ್ದಿದ್ದಳು, ಹೊರಗೆ ಜನ ಕಾಯುತ್ತಿದ್ದರು, ಪೌಡರಮ್ಮ ನಂಬಿ ಒಳಗೆ ಕಳಿಸಿದರು. ಚಿತ್ರ ತೆಗೆದಾಯಿತು. ಎಡಭಾಗದಲ್ಲಿ ಬಿಳಿ ಚುಕ್ಕೆಗಳು, ಒಂದೇ ಕಡೆ ಗುಂಪಾಗಿ.

ಎಕ್ಸ್‌ರೇ ಹುಡುಗಿ ಹೊರಗೆ ಬಂದು "ನಿಜ ಹೇಳಿ, ಪೌಡರ್ ಹಾಕಿದ್ರಾ?" ಎಂದಳು. ಅಕ್ಕ ಒಪ್ಪಿಕೊಂಡಳು. ಅಯ್ಯೋ, ಆಗ ನಮಗಾದ ಖುಷಿ! ಪೌಡರು! ಬರೀ ಪೌಡರು! ಹತ್ತು ನಿಮಿಷಕ್ಕೊಮ್ಮೆ "ಆಯ್ತಾ, ಆಯ್ತಾ?" ಎಂದು ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದ ಭಾವನಿಗೆ ಹೇಳಿದೆವು. ಅವರೂ ನಕ್ಕರು. ಪೌಡರಮ್ಮ ಅಕ್ಕನಿಗೆ ಮಂಗಳಾರತಿ ಎತ್ತುತ್ತ ಒರೆಸಿದರು. "ಇಷ್ಟು ವಯಸ್ಸಾಗಿದೆ, ಸುಳ್ಳು ಹೇಳೋಕೆ ನಾಚ್ಕೆ ಆಗಲ್ವಾ?" ಅಕ್ಕ ನಗುತ್ತಲೇ ಒಳಗೆ ಹೋದಳು.

ಎರಡನೇ ಚಿತ್ರದಲ್ಲೂ ಚುಕ್ಕೆಗಳು ಅಲ್ಲೇ ಇದ್ದವು.

ಆ ಜಾಗವನ್ನು ದೊಡ್ಡದಾಗಿಸಿ ಇನ್ನೊಂದು ಚಿತ್ರ ತೆಗೆಯಬೇಕು ಎಂದರು. ಅಕ್ಕ ಪೌಡರಮ್ಮನ ಮೇಲೆ ಹರಿಹಾಯ್ದಳು. "ನೀವು ಸರಿಯಾಗಿ ಒರೆಸಿಲ್ಲ. ಇನ್ನೊಂದ್ಸಲ ಒರೆಸಿ. ಪೌಡರೇ ಅದು, ನಂಗೊತ್ತು, ನಾನೇ ಹಾಕಿದ್ದು!"

ಈಗ ಈ ಹೆಂಗಸು ಕುಣಿದಾಡಿಬಿಡುತ್ತಾರೆ ಎಂದುಕೊಂಡೆ. ಅವರು ಬೇಸಿನ್ನಿನ ನೀರು ಚೆಲ್ಲಿ, ಫ್ಲಾಸ್ಕಿನಿಂದ ಹೊಸ ನೀರು ಬಗ್ಗಿಸಿ, ಹೊಸ ಬಟ್ಟೆ ತೆಗೆದು ಒರೆಸಿದರು. ಕಂಕುಳು, ಎದೆ, ಎದೆಯ ಕೆಳಗೆ. "ಇಲ್ಲಿ ಇನ್ನೂ ಇದೆ ನೋಡಿ" ಎಂದು ಅಕ್ಕ ತೋರಿಸಿದಲ್ಲೆಲ್ಲ ಮತ್ತೆ ಒರೆಸಿದರು. ಅಲ್ಲಿ ಏನೂ ಇರಲಿಲ್ಲ, ನನಗೇ ಕಾಣುತ್ತಿತ್ತು. ಅವರ ಬೈಗುಳ ನಿಂತಿದ್ದು ನೋಡಿಯೇ ಇದು ಪೌಡರಲ್ಲ ಎಂದು ನನಗೆ ಗೊತ್ತಾಯಿತು.

ಮುಂದೆ ಪರೀಕ್ಷೆಗೆಂದು ಆ ಜಾಗದಿಂದ ಸೂಜಿ ಹಾಕಿ ಚೂರು ತೆಗೆಯುವ ದಿನವೂ ಪೌಡರಮ್ಮ ಇದ್ದರು. ತಲೆಯ ಕಡೆ ಡಾಕ್ಟರು, ಪಕ್ಕದಲ್ಲಿ ಯಂತ್ರ, ನಿಲ್ಲಲು ಜಾಗವಿಲ್ಲ. ಅಕ್ಕನ ಪಾದ ಹಿಡಿದುಕೊಂಡು ನಿಂತರು. ಎಕ್ಸ್‌ರೇ ಹುಡುಗಿ ಒಂದೊಂದೂ ಮೊದಲೇ ಹೇಳಿದಳು, ಈಗ ಚುಚ್ಚುತ್ತೆ, ಈಗ ಟಕ್ ಅನ್ನುತ್ತೆ ಎಂದು. ಫಲಿತಾಂಶದ ದಿನ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಅಕ್ಕನ ಮುಂದೆ ಕೂತು, ಅಕ್ಕನಿಗೇ ಹೇಳಿದರು. ಭಾವ ಅಡ್ಡಬಾಯಿ ಹಾಕಿದಾಗಲೂ ಉತ್ತರವನ್ನು ಅಕ್ಕನ ಮುಖ ನೋಡಿಯೇ ಕೊಟ್ಟರು. ಕ್ಯಾನ್ಸರ್. ಚಿಕ್ಕದು, ಬೇಗ ಸಿಕ್ಕಿದೆ. ಆಪರೇಷನ್ ಆಗಿದೆ. ಅಕ್ಕ ಈಗ ಮಧ್ಯಾಹ್ನದವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ, ಗಿರಾಕಿಗಳನ್ನು ಮೊದಲಿಗಿಂತ ಜೋರಾಗಿ ಗದರುತ್ತಾಳೆ.

ಇದಕ್ಕೆಲ್ಲ ಕೃತಜ್ಞತೆ ಹೇಳಲು ಬಂದರೆ ಈ ಪುಣ್ಯಾತ್ಗಿತ್ತಿ ಹೇಳಿಸಿಕೊಳ್ಳುವುದಿಲ್ಲ. ನನ್ನ ತಾಳ್ಮೆಯೂ ಹೋಗಿದೆ. ಫೋಟೋ ಬೇಡವಂತೆ. ಹೆಸರು ಬೇಡವಂತೆ. "ಹೆಂಗಸರ ಬಟ್ಟೆ ಬದಲಿಸೋ ಜಾಗಕ್ಕೆ ಕ್ಯಾಮೆರಾ ತರ್ತೀರಾ? ಬುದ್ಧಿ ಇದ್ಯಾ?" ಎಂದು ನನಗೂ ಒಂದು ಬಿತ್ತು. ಕೊನೆಗೆ, "ಬರೆಯೋದೇ ಆದ್ರೆ ಪೌಡರ್ ಹಾಕ್ಕೊಂಡು ಬರ್ಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಅಷ್ಟು ಮಾಡಿ ಸಾಕು" ಎಂದರು.

ನನಗೂ ರೇಗಿತು. "ಅಲ್ಲಮ್ಮಾ, ಪೌಡರಿನ ಮೇಲೆ ಯಾಕಿಷ್ಟು ಸಿಟ್ಟು? ಒರೆಸಿದ್ರೆ ಹೋಗುತ್ತಲ್ಲ!"

ಪೌಡರಮ್ಮ ಬಟ್ಟೆ ಹಿಂಡಿ ಬೇಸಿನ್ನಿನ ಅಂಚಿಗೆ ಹಾಕಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸ್ಟೂಲಿನ ಮೇಲೆ ಕೂತರು.

"ಕೆಲ್ಸ ಜಾಸ್ತಿ ಅಂತ ಸಿಟ್ಟು ಅಂದ್ಕೊಂಡ್ರಾ? ಒರೆಸೋದೇನ್ ಮಹಾ. ಚುಕ್ಕೆ ಕಂಡಾಗ ಪೌಡರಿರ್ಬೋದು ಅಂದ್ರೆ ಸಾಕು, ಅವರ ಮುಖ ಹೆಂಗ್ ಅರಳುತ್ತೆ ಗೊತ್ತಾ? ಸುಮಾರು ಜನಕ್ಕೆ ಪೌಡರೇ ಆಗಿರುತ್ತೆ, ನಗ್ತಾ ಮನೆಗೆ ಹೋಗ್ತಾರೆ. ಆಗದೇ ಇರೋರು ಇರ್ತಾರಲ್ಲ, ಅವರಿಗೆ ಆ ಆಸೆ ಬಂದಿರಲೇಬಾರ್ದಿತ್ತು. ಇನ್ನೊಂದ್ಸಲ ಒರೆಸು, ಇನ್ನೊಂದ್ಸಲ ಒರೆಸು ಅಂತಾರೆ. ಒರೆಸೋಕೆ ಏನೂ ಉಳಿದಿಲ್ಲ ಅಂತ ನನ್ ಕೈಗೆ ಗೊತ್ತಿರುತ್ತೆ."

"ಆಗ ಏನ್ ಮಾಡ್ತೀರಿ?"

"ಒರೆಸ್ತೀನಿ. ಅವರಾಗೇ ಸಾಕು ಅನ್ನೋವರೆಗೂ ಒರೆಸ್ತೀನಿ. ಇಷ್ಟು ವರ್ಷದಲ್ಲಿ ಒಬ್ಬರಿಗೂ ನಾನಾಗಿ ಸಾಕು ಅಂದಿಲ್ಲ."