ಒಮ್ಮೆಯೂ ಓಡದ ಸ್ಟೆಪ್ನಿ

ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಸುವವನನ್ನು ನಮ್ಮ ಕಡೆ ಅರೆಹುಚ್ಚ ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನದು ದೂರ ಓಡುವ ಭಾರದ ಗಾಡಿ. ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಡೇರೆ, ಹಾಸಿಗೆ, ಒಲೆ. ರಾಜಸ್ಥಾನವೋ ಒಡಿಶಾವೋ ಎಂದು ಹೊರಟರೆ ಮನೆ ಸೇರುವ ಹೊತ್ತಿಗೆ ಹಿಂದಿನ ಟೈರು ಬೋಳಾಗಿರುತ್ತದೆ. ಕಾರಿನ ಟೈರಾದರೆ ಎರಡು ಪಟ್ಟು ಬಾಳಿಕೆ ಬರುತ್ತದೆ ಎಂದು ಜೊತೆಯ ಸವಾರರು ಹೇಳಿದ್ದರು. ನನ್ನ ಹಿಂದಿನ ರಿಮ್ಮು ಹದಿನೈದು ಇಂಚು, ತೀರಿಹೋದ ನಮ್ಮಣ್ಣನ ಹಳೆಯ ಕಾರಿನದೂ ಹದಿನೈದೇ. ಈ ಮಾತನ್ನು ಅತ್ತಿಗೆಯ ಮುಂದೆ ಆಡಬಾರದಿತ್ತು. ನನ್ನ ಬಾಯಿಗೆ ಬೀಗ ಎಂಬುದಿಲ್ಲ, ಆಡಿಬಿಟ್ಟೆ.

ಶಿವನಿಯಲ್ಲಿ ಅತ್ತಿಗೆಯ ಮನೆ ಪಕ್ಕದ ಶೆಡ್ಡಿನಲ್ಲಿ ಆ ಕಾರು ಆರು ವರ್ಷದಿಂದ ನಿಂತೇ ಇತ್ತು. ಅತ್ತಿಗೆ ತಾವೇ ಡಿಕ್ಕಿ ತೆಗೆದು ಸ್ಟೆಪ್ನಿಯನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದರು.

“ಒಂದಿನಾನೂ ಓಡಿಲ್ಲ ಕಣಪ್ಪಾ ಇದು. ನಿಮ್ಮಣ್ಣ ಹೊಸ ಟೈರು ಹಾಕ್ಸಿ ಇಟ್ಟಿದ್ರು. ನೀನಾದ್ರೂ ಓಡ್ಸು. ಹಾಕಿಸ್ಕೊಂಡು ಬಂದು ನಂಗೊಂದ್ಸಲ ತೋರ್ಸು.”

ಬೇಡ ಅನ್ನಬೇಕಿತ್ತು. ಬೇಡ ಅಂದಿದ್ದರೆ ಯಾಕೆ ಅನ್ನುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಅದನ್ನು ಆರು ವರ್ಷದಿಂದ ನುಂಗಿಕೊಂಡು ಕೂತಿದ್ದೆ.

ಅಣ್ಣ ತೀರಿಹೋದ ದಿನ ಮಧ್ಯಾಹ್ನ ಬುಕ್ಕಾಂಬುಧಿ ಕೆರೆ ಹತ್ತಿರದ ತಿರುವಿನಲ್ಲಿ ಅಣ್ಣನ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕು ಇರಲಿಲ್ಲ. ಜಾಕು ಅಜ್ಜಂಪುರದ ನನ್ನ ಮನೆಯಲ್ಲಿ, ನನ್ನ ಮೋಟಾರ್ ಸೈಕಲ್ಲಿನ ಹೊಟ್ಟೆಯ ಕೆಳಗಿತ್ತು. ಹಿಂದಿನ ವಾರ ಕೇಳಿ ತಂದವನು ಇವತ್ತು ಕೊಟ್ಟೇನು ನಾಳೆ ಕೊಟ್ಟೇನು ಎಂದು ಇಟ್ಟುಕೊಂಡಿದ್ದೆ. ಅಣ್ಣ ಫೋನ್ ಮಾಡಿದ.

“ಲೇ, ಜಾಕ್ ತಗೊಂಡು ಬಾರೋ. ಬಿಸ್ಲು ಸುಡ್ತಾ ಐತೆ.”

“ಅರ್ಧ ಗಂಟೇಲಿ ಬತ್ತೀನಿ ಕಣಣ್ಣಾ.”

ಮಾರನೆಯ ಬೆಳಿಗ್ಗೆ ನಾನು ದೂರ ಹೊರಡುವವನಿದ್ದೆ. ಹಿಂದಿನ ಚಕ್ರ ಬಿಚ್ಚಿ ಕೂತಿದ್ದೆ. ಹೊಸ ಚೈನು ಹಾಕಿ, ಚಕ್ರ ಕೂರಿಸಿ, ಆಮೇಲೆ ಜಾಕು ಎಳೆದರಾಯಿತು ಅಂದುಕೊಂಡೆ. ಎರಡನೇ ಸಲ ಫೋನ್ ಬಂತು. “ಹೊರಟ್ಯಾ?” ಅಂದ. “ಹೊರಟೆ, ಹೊರಟೆ” ಅಂದೆ. ಹಸಿ ಸುಳ್ಳು. ಮೂರನೇ ಸಲ ಫೋನು ಬಡಿದುಕೊಂಡಾಗ ಕೈತುಂಬ ಗ್ರೀಸಿತ್ತು. ಎತ್ತಲಿಲ್ಲ.

ನಾನು ಮುಟ್ಟುವ ಹೊತ್ತಿಗೆ ಅವನ ಮೊದಲ ಫೋನು ಬಂದು ಒಂದೂಕಾಲು ಗಂಟೆ ಕಳೆದಿತ್ತು. ಕಾದು ಕಾದು ಬೇಸತ್ತ ಅಣ್ಣ, ಕೆರೆ ಕಡೆಯಿಂದ ದಪ್ಪ ದಪ್ಪ ಕಲ್ಲು ಹೊತ್ತು ತಂದು, ಒಂದು ಮರದ ತುಂಡನ್ನು ಕಾರಿನಡಿ ಕೊಟ್ಟು ಮೀಟಲು ನೋಡಿದ್ದ. ಹಿಂದಿನ ಚಕ್ರಕ್ಕೆ ಒರಗಿ ಕೂತಿದ್ದ, ಸ್ಟೆಪ್ನಿ ಅವನ ತೊಡೆಗೆ ಒರಗಿತ್ತು. ಕರೆದೆ. ಅಲ್ಲಾಡಿಸಿದೆ. ಬಾಯಿಗೆ ನೀರು ಬಿಟ್ಟರೆ ಅಂಗಿಯ ಮೇಲೆ ಹರಿದು ಹೋಯಿತು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಯಾರಿಗೂ ಫೋನ್ ಮಾಡಿದ್ದಲ್ಲ. ರಸ್ತೆಯ ಆ ಕಡೆ ಈ ಕಡೆ ನೋಡಿ, ಜಾಕನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಥೂ ನನ್ನ ಜನ್ಮಕ್ಕೆ!

ಡಾಕ್ಟರು ಹೃದಯ ನಿಂತಿತು ಅಂದರು. ಬಂದವರು ಹಣೆಬರಹ ಅಂದರು, ಪಂಕ್ಚರ್ ಹಾಕಿಸಿ ಕಾರನ್ನು ಶೆಡ್ಡಿಗೆ ತಂದು ನಿಲ್ಲಿಸಿದರು. ಒಂದು ವಾರ ಕಳೆದ ಮೇಲೆ ಡಿಕ್ಕಿ ತೆಗೆದ ಅತ್ತಿಗೆ ಮಾತ್ರ ನಿಂತಲ್ಲೇ ನಿಂತರು. “ಜಾಕ್ ಇಲ್ಲೇ ಐತಲ್ಲಪ್ಪಾ! ಇದನ್ನ ಬಿಟ್ಟು ಕಲ್ಲು ಯಾಕೆ ಹೊತ್ರು?” ಉತ್ತರವನ್ನು ಅವರೇ ಹುಡುಕಿಕೊಂಡರು. “ಬೆಳಿಗ್ಗೆ ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ರು ಕಣಪ್ಪಾ. ಆಗ್ಲೇ ತಲೆ ಸರಿ ಇರ್ಲಿಲ್ಲ ಅವರಿಗೆ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ನಾನು ನಗ್ತಾ ನಿಂತಿದ್ದೆ.” ಆರು ವರ್ಷ, ಹೋದಾಗಲೆಲ್ಲ ಇದೇ ಮಾತು. ನಾನು ಅವರು ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಎಷ್ಟೇ ದೂರದ ಊರಿಗೆ ಹೋಗಲಿ, ರಸ್ತೆ ಬದಿ ನಿಂತ ಕಾರು ಕಂಡರೆ ಹಿಂದಿನ ಚಕ್ರಕ್ಕೆ ಯಾರಾದರೂ ಒರಗಿದ್ದಾರಾ ಎಂದು ನೋಡದೆ ಮುಂದೆ ಹೋಗಲು ಇವತ್ತಿಗೂ ನನ್ನಿಂದಾಗದು.

ಬೀರೂರಿನ ಟೈರ್ ಅಂಗಡಿಯವರು ಸ್ಟೆಪ್ನಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಮುಖ ಸಿಂಡರಿಸಿದರು. “ಬೈಕ್ ಟೈರು ದುಂಡಗಿರ್ತದೆ ಕಣ್ರೀ, ತಿರುವಲ್ಲಿ ವಾಲ್ತದೆ. ಇದು ಚಪ್ಪಟೆ. ನೆಟ್ಟಗೇ ಹೋಯ್ತೀನಿ ಅಂತದೆ. ಅದ್ರ ಮೇಲೆ ಹಳೇ ರಬ್ಬರು ಬೇರೆ, ಕಲ್ಲಾಗೈತೆ.” ನಾನು ಹಾಕಿ ಎಂದೆ. ಕಾರಿನ ರಿಮ್ಮಿನಿಂದ ಟೈರು ಬಿಚ್ಚಿ, ಸೋಪಿನ ನೀರು ಬಳಿದು ನನ್ನ ಚಕ್ರಕ್ಕೆ ಏರಿಸಿ, ಟ್ಯೂಬಿಟ್ಟು ಗಾಳಿ ತುಂಬಿದಾಗ ಟೈರಿನ ಎರಡು ಅಂಚೂ ಒಂದಾದಮೇಲೊಂದು ಫಟ್ ಫಟ್ ಎಂದು ರಿಮ್ಮಿಗೆ ಕೂತವು. ಚೈನ್ ಕವರಿಗೂ ಟೈರಿಗೂ ನಡುವೆ ಒಂದು ಬೆರಳು ಜಾಗ ಉಳಿಯಿತು. “ಹಳೇ ಟೈರನ್ನ ಹಿಂದೆ ಕಟ್ಕೊಂಡೇ ಹೋಗಿ, ಇವತ್ತೇ ಬೇಕಾದ್ರೂ ಆದೀತು” ಎಂದು ಅವರೇ ಕಟ್ಟಿಕೊಟ್ಟರು.

ಶಿವನಿಗೆ ಸೀದಾ ಹೋಗಬಹುದಿತ್ತು. ಬುಕ್ಕಾಂಬುಧಿ ಕಡೆ ಯಾಕೆ ತಿರುಗಿಸಿದೆನೋ ದೇವರಿಗೇ ಗೊತ್ತು. ಅಂಗಡಿಯವರು ಹೇಳಿದ್ದು ನಿಜ. ಗಾಡಿ ವಾಲಿಸಿದರೆ ಹಿಂದಿನ ಚಕ್ರ ಎದ್ದು ನಿಲ್ಲುತ್ತಿತ್ತು, ಹ್ಯಾಂಡಲನ್ನು ತಳ್ಳಿ ತಳ್ಳಿ ತಿರುಗಿಸಬೇಕಿತ್ತು. ಆ ತಿರುವಿಗೆ ಬಂದಾಗ ತಳ್ಳಿದರೂ ತಿರುಗಲಿಲ್ಲ. ನೆಟ್ಟಗೆ ಅಂಚಿಗೆ ಹೋಯಿತು, ಅಣ್ಣ ಕೂತಿದ್ದ ಕಡೆಗೇ. ಬ್ರೇಕು ಒತ್ತಿ ಮಣ್ಣಿನಲ್ಲಿ ನಿಲ್ಲಿಸಿದೆ. ಚಪ್ಪಟೆ ಟೈರಿನ ಗುಣ ಅದು, ನನಗೇನು ಗೊತ್ತಿಲ್ಲವೇ? ಆದರೂ ಅಲ್ಲಿ ಯಾರಾದರೂ ಕೂತಿದ್ದಾರಾ ಎಂದು ನೋಡಿದೆ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತುವ ಧೈರ್ಯ ಬರಲಿಲ್ಲ. ನಿಂತು ಮತ್ತೆ ಬಡಿದುಕೊಂಡಿತು. ಮೂರನೇ ಸಲಕ್ಕೆ ಎತ್ತಿದೆ.

ಅತ್ತಿಗೆ. “ಎಲ್ಲಿದ್ಯಪ್ಪಾ? ಹೊರಟ್ಯಾ?”

ನನಗೆ ಅಲ್ಲೇ ಅಳು ಬಂತು. “ಹೊರಟೆ ಅತ್ತಿಗೆ. ಬತ್ತಾ ಇದೀನಿ” ಅಂದೆ.

ಶಿವನಿಯ ಅಂಗಳದಲ್ಲಿ ಅತ್ತಿಗೆ ಬಗ್ಗಿ ಟೈರನ್ನು ಸವರಿದರು. “ಚೆನ್ನಾಗೈತೆ. ಅವರಿದ್ದಿದ್ರೆ ನಿನ್ನ ಆಡ್ಕೊಂಡು ನಗೋರು” ಅಂದರು. ನಾನು ನಿಂತುಕೊಂಡೇ ಹೇಳಿದೆ. ಜಾಕು ನನ್ನ ಹತ್ತಿರ ಇದ್ದದ್ದು, ಹೊರಟೆ ಅಂದದ್ದು, ಎತ್ತದ ಫೋನು, ಡಿಕ್ಕಿ. ಒಂದನ್ನೂ ಬಿಡಲಿಲ್ಲ.

ಅತ್ತಿಗೆ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಟೈರಿನ ಮೇಲಿಟ್ಟ ಕೈಯನ್ನೂ ಎತ್ತಲಿಲ್ಲ.

“ಹಂಗಾದ್ರೆ ಅವರ ತಲೆ ಸರಿಯಾಗೇ ಇತ್ತು” ಅಂದರು. ಆಮೇಲೆ ನನ್ನನ್ನು ನೋಡಿದರು. “ಆರು ವರ್ಷ ನಾನು ಅತ್ತಿದ್ದನ್ನ ನೋಡ್ತಾ ಕೂತಿದ್ಯಲ್ಲೋ! ಬಿಚ್ಚು ಅದನ್ನ.”

ಶೆಡ್ಡಿಗೆ ಹೋಗಿ ಆ ಜಾಕನ್ನೇ ತಂದು ನನ್ನ ಕಾಲ ಬುಡದಲ್ಲಿಟ್ಟರು.

ಗಾಡಿಯನ್ನು ಜಾಕಿನಿಂದ ಎತ್ತಿ, ಹಿತ್ತಲಿಂದ ಕಲ್ಲು ಹೊತ್ತು ತಂದು ಅಡಿಗೆ ಕೊಟ್ಟೆ. ಚಕ್ರ ಬಿಚ್ಚಿದೆ. ರಿಮ್ಮಿಗೆ ಕಚ್ಚಿಕೊಂಡ ಟೈರು ಎಷ್ಟು ತುಳಿದರೂ ಬಿಡಲಿಲ್ಲ. ಕೊನೆಗೆ ಅಣ್ಣನ ಕಾರಿನಡಿ ಚಕ್ರ ಮಲಗಿಸಿ, ಟೈರಿನ ಮೇಲೆ ಜಾಕು ನಿಲ್ಲಿಸಿ, ಕಾರಿನ ಭಾರವನ್ನೇ ಅದರ ಮೇಲೆ ಹೊರಿಸಿದೆ. ಕಾರು ಮೆಲ್ಲಗೆ ಮೇಲೆದ್ದಿತು. ಆಗ ಟೈರು ರಿಮ್ಮು ಬಿಟ್ಟಿತು. ಕಬ್ಬಿಣದ ಪಟ್ಟಿಯಿಂದ ಮೀಟಿ ತೆಗೆದು, ಹಳೆಯ ಟೈರು ಹಾಕಿ, ಕಾಲಿನ ಪಂಪಿನಲ್ಲಿ ಗಾಳಿ ಒತ್ತಿದೆ. ಅಷ್ಟು ಹೊತ್ತೂ ಅತ್ತಿಗೆ ಬಿಸಿಲಿನಲ್ಲೇ ನಿಂತಿದ್ದರು.

ಕೆಲಸ ಮುಗಿಸಿ ಜಾಕನ್ನು ಎತ್ತಿಕೊಂಡು ಡಿಕ್ಕಿಯ ಕಡೆ ನಡೆದೆ.

“ಅಲ್ಲಿಗಲ್ಲ” ಅಂದರು ಅತ್ತಿಗೆ. “ನನ್ ಕೈಗೆ ಕೊಡು.”

ಕೊಟ್ಟೆ. ಗ್ರೀಸು ಸೀರೆಗೆ ಮೆತ್ತಿದರೂ ಲೆಕ್ಕಿಸದೆ, ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಒಳಗೆ ಹೋಗಲು ನನಗೆ ಕಾಲು ಬರಲಿಲ್ಲ.